ಗೋಡೆಯ ಸೋಪಿನ ಡಬ್ಬಿ: ಒಳಗೆ ಏನಿದೆ? ಹೇಗೆ ಕೆಲಸ ಮಾಡುತ್ತದೆ?



ನಮ್ಮ ಶಾಲೆಯಲ್ಲಿ ಕೈ ತೊಳೆಯುವ ನಲ್ಲಿಗಳ ಪಕ್ಕ ಗೋಡೆಗೆ ಒಂದು ಬಿಳಿ ಡಬ್ಬಿ ಹಾಕಿದ್ದಾರೆ. ಒತ್ತಿದರೆ ಕೈಗೆ ಸೋಪಿನ ದ್ರವ ಬೀಳುತ್ತದೆ. ಇದು ನಿಮಗೆಲ್ಲ ಗೊತ್ತು. ಆದರೆ ಒತ್ತಿದಾಗ ಮಾತ್ರ ಯಾಕೆ ಬೀಳುತ್ತೆ? ಸುಮ್ಮನಿದ್ದಾಗ ಯಾಕೆ ಸೋರಲ್ಲ? ಪ್ರತಿ ಸಲವೂ ಅಷ್ಟೇ ಯಾಕೆ ಬರುತ್ತೆ? ಇದನ್ನು ನಾನೂ ಯೋಚನೆ ಮಾಡಿರಲಿಲ್ಲ.

ಮೊನ್ನೆ ಈ ಡಬ್ಬಿ ಕೆಟ್ಟು ಹದಿನೈದು ದಿನ ಸುಮ್ಮನೆ ನಿಂತಿತ್ತು. ಎರಡನೇ ತರಗತಿಯ ಒಬ್ಬ ಹುಡುಗ ಜೋತಾಡಿ ಮುರಿದ ಅಂತ ಎಲ್ಲರೂ ಹೇಳಿದರು. ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿಯಾದ ನಾನೇ ಅವನ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಆಮೇಲೆ ವಿಜ್ಞಾನದ ಮೇಷ್ಟ್ರು ಡಬ್ಬಿಯನ್ನು ಬಿಚ್ಚಿಸಿ ತೋರಿಸಿದಾಗ ನಿಜ ಬೇರೆಯೇ ಇತ್ತು. ಅದನ್ನು ಕೊನೆಯಲ್ಲಿ ಬರೆದಿದ್ದೇನೆ. ಆದರೆ ಡಬ್ಬಿಯ ರಚನೆ ತಿಳಿಯದೆ ಅದು ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ಪಾಠ ಓದಿ.

೧. ಡಬ್ಬಿಯ ಭಾಗಗಳು

(ಪಕ್ಕದಲ್ಲಿ ಬಿಡಿಸಿರುವ ಚಿತ್ರ ನೋಡಿ. ಅಕ್ಷರಗಳು ಚಿತ್ರದಲ್ಲಿರುವಂತೆಯೇ ಇವೆ.)

ಅ) ಹಿಂಬದಿ ತಟ್ಟೆ: ಇದನ್ನು ಎರಡು ಸ್ಕ್ರೂಗಳಿಂದ ಗೋಡೆಗೆ ಬಿಗಿದಿದ್ದಾರೆ. ಇಡೀ ಡಬ್ಬಿಯ ಭಾರ, ನಾವು ಒತ್ತುವ ಬಲ ಎಲ್ಲಾ ಇದರ ಮೇಲೆಯೇ.

ಆ) ಸೋಪಿನ ತೊಟ್ಟಿ: ಮೇಲ್ಭಾಗದಲ್ಲಿದೆ. ೫೦೦ ಮಿಲಿ ಲೀಟರ್ ಹಿಡಿಯುತ್ತದೆ. ಮುಂದೆ ಉದ್ದನೆಯ ಸಣ್ಣ ಕಿಟಕಿ ಇದೆ. ಸೋಪು ಎಷ್ಟಿದೆ ಅಂತ ಅಲ್ಲಿಂದ ಕಾಣುತ್ತದೆ.

ಇ) ಮುಚ್ಚಳ: ಇದರಲ್ಲಿ ಗುಂಡುಸೂಜಿ ಗಾತ್ರದ ಒಂದು ತೂತು ಇದೆ. ಇದು ತಯಾರಿಸುವಾಗ ಆದ ತಪ್ಪಲ್ಲ, ಬೇಕೆಂದೇ ಮಾಡಿದ್ದು.

ಈ) ಒತ್ತುವ ಹಲಗೆ: ನಾವು ಗುಂಡಿ ಅನ್ನುತ್ತೇವಲ್ಲ, ಅದು. ಮೇಲಿನ ಅಂಚಿನಲ್ಲಿ ಬಾಗಿಲಿನ ಕೀಲಿನ ಹಾಗೆ ಸಿಕ್ಕಿಸಿದೆ.

ಉ) ಪಂಪಿನ ಕೋಣೆ: ತೊಟ್ಟಿಯ ಕೆಳಗೆ ಇರುವ ಸಣ್ಣ ಕೊಳವೆ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಮಾತ್ರ ಇದೆ.

ಊ) ಆಡುಬೆಣೆ (ಪಿಸ್ಟನ್): ಪಂಪಿನ ಕೋಣೆಯಲ್ಲಿ ಹಿಂದೆ ಮುಂದೆ ಆಡುತ್ತದೆ. ಇದರ ಸುತ್ತ ರಬ್ಬರ್ ಉಂಗುರ ಇರುವುದರಿಂದ ಸೋಪು ಪಕ್ಕದಿಂದ ನುಸುಳುವುದಿಲ್ಲ.

ಋ) ಸ್ಪ್ರಿಂಗು: ಒಳಗೆ ಹೋದ ಆಡುಬೆಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಯಾವಾಗಲೂ ಒದ್ದೆಯಲ್ಲೇ ಇರೋದರಿಂದ ತುಕ್ಕು ಹಿಡಿಯದ ಸ್ಟೀಲಿನಿಂದ ಮಾಡಿದ್ದಾರೆ.

ಎ) ಮೇಲಿನ ಕವಾಟ (ವಾಲ್ವ್): ತೊಟ್ಟಿಯಿಂದ ಪಂಪಿನ ಕೋಣೆಗೆ ಬರುವ ದಾರಿಯಲ್ಲಿದೆ. ತೆಳ್ಳಗಿನ ರಬ್ಬರ್ ಬಿಲ್ಲೆ. ಕೆಳಗೆ ಮಾತ್ರ ತೆರೆಯುತ್ತದೆ.

ಏ) ಕೆಳಗಿನ ಕವಾಟ: ಸೋಪು ಹೊರಗೆ ಬೀಳುವ ಬಾಯಿಯಲ್ಲಿದೆ. ಇದು ಬಾತುಕೋಳಿಯ ಕೊಕ್ಕಿನ ಹಾಗಿರುವ ರಬ್ಬರ್. ಇದರ ಹೆಸರೇ ಡಕ್‌ಬಿಲ್ ವಾಲ್ವ್. ಎರಡು ತುಟಿಗಳು ಯಾವಾಗಲೂ ಮುಚ್ಚಿಕೊಂಡೇ ಇರುತ್ತವೆ. ಒಳಗಿನಿಂದ ಜೋರಾಗಿ ತಳ್ಳಿದರೆ ಮಾತ್ರ ಬಿಚ್ಚುತ್ತವೆ.

ಎಲ್ಲಾ ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟಾಗ ನಮಗೆ ಆಶ್ಚರ್ಯ ಆಯಿತು. ಇಷ್ಟು ಸಣ್ಣ ಡಬ್ಬಿಯಲ್ಲಿ ಇಷ್ಟೊಂದು ಸಾಮಾನು! ಬಿಚ್ಚಿದ ಕ್ರಮದಲ್ಲೇ ಇಡಬೇಕು, ಇಲ್ಲದಿದ್ದರೆ ವಾಪಸ್ಸು ಜೋಡಿಸೋಕೆ ಆಗಲ್ಲ ಎಂದು ಮೇಷ್ಟ್ರು ಹೇಳಿದರು.

೨. ಕೆಲಸ ಮಾಡುವ ಬಗೆ

ಎರಡು ಕವಾಟಗಳೂ ಒಮ್ಮುಖ ಕವಾಟಗಳು. ಅಂದರೆ ಹೋಗೋಕೆ ಬಿಡ್ತವೆ, ವಾಪಸ್ಸು ಬರೋಕೆ ಬಿಡಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಒತ್ತಿದಾಗ: ಆಡುಬೆಣೆ ಒಳಗೆ ಹೋಗುತ್ತದೆ. ಕೋಣೆಯಲ್ಲಿರುವ ಸೋಪಿಗೆ ಜಾಗ ಸಾಲದು, ಒತ್ತಡ ಹೆಚ್ಚಾಗುತ್ತದೆ. ಸೋಪು ಮೇಲಕ್ಕೆ ಹೋಗಲು ನೋಡುತ್ತದೆ. ಆದರೆ ಅದೇ ಒತ್ತಡ ಮೇಲಿನ ಬಿಲ್ಲೆಯನ್ನು ತೂತಿಗೆ ಅಮುಕಿ ಮುಚ್ಚಿಬಿಡುತ್ತದೆ. ಉಳಿದಿದ್ದು ಒಂದೇ ದಾರಿ, ಕೆಳಗೆ. ಕೊಕ್ಕು ಬಿಚ್ಚಿಕೊಂಡು ಸೋಪು ಕೈಗೆ ಬೀಳುತ್ತದೆ.

ಬಿಟ್ಟಾಗ: ಸ್ಪ್ರಿಂಗು ಆಡುಬೆಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಈಗ ಕೋಣೆಯಲ್ಲಿ ಜಾಗ ಹೆಚ್ಚಾಗಿ ಒತ್ತಡ ಕಡಿಮೆ ಆಗುತ್ತದೆ. ಕೊಕ್ಕು ಮುಚ್ಚಿಕೊಳ್ಳುತ್ತದೆ, ಹೊರಗಿನ ಗಾಳಿ ಒಳಗೆ ಬರಲಾರದು. ತೊಟ್ಟಿಯ ಮೇಲೆ ವಾತಾವರಣದ ಒತ್ತಡ ಇದೆಯಲ್ಲ, ಅದು ಮತ್ತು ಸೋಪಿನ ಭಾರ ಸೇರಿ ಬಿಲ್ಲೆಯನ್ನು ಕೆಳಗೆ ತಳ್ಳಿ ತೆರೆಯುತ್ತವೆ. ಸೋಪು ಇಳಿದು ಕೋಣೆ ತುಂಬುತ್ತದೆ. ಮುಂದಿನ ಸಲಕ್ಕೆ ತಯಾರು.

ಅಂದರೆ ನಾವು ಒತ್ತಿದಾಗ ಬರುವ ಸೋಪು ಆಗ ತೊಟ್ಟಿಯಿಂದ ಬಂದಿದ್ದಲ್ಲ. ನಮಗಿಂತ ಮುಂಚೆ ಒತ್ತಿದವರು ಕೈ ಬಿಟ್ಟಾಗ ಇಳಿದು ಕೂತಿದ್ದು! ಹೊಸ ಡಬ್ಬಿಗೆ ಸೋಪು ತುಂಬಿದ ಕೂಡಲೇ ಒತ್ತಿದರೆ ಏನೂ ಬಾರದೆ ಬರೀ ಪುಸ್ ಅನ್ನುವುದೂ ಇದಕ್ಕೇ. ಕೋಣೆಯಲ್ಲಿ ಗಾಳಿ ಇರುತ್ತದೆ. ನಾಲ್ಕೈದು ಸಲ ಒತ್ತಿ ಬಿಟ್ಟರೆ ಗಾಳಿ ಹೋಗಿ ಸೋಪು ಬರುತ್ತದೆ.

ಇದು ನಮಗೆ ಹೊಸದೇನಲ್ಲ. ಊರಿನಲ್ಲಿ ಇರುವ ಬೋರ್‌ವೆಲ್ ಕೈಪಂಪು ನೋಡಿ. ಅದರ ಒಳಗೂ ಆಡುಬೆಣೆ ಇದೆ, ಎರಡು ಕವಾಟ ಇವೆ. ಒಂದು ಸಿಲಿಂಡರಿನ ತಳದಲ್ಲಿ, ಇನ್ನೊಂದು ಆಡುಬೆಣೆಯಲ್ಲೇ. ನಮ್ಮ ದೇಶದ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಕೈಪಂಪಿಗೆ ಇಂಡಿಯಾ ಮಾರ್ಕ್ ೨ ಎಂದು ಹೆಸರು. ೧೯೭೦ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಭಾರತದಲ್ಲೇ ಇದನ್ನು ರೂಪಿಸಿದರು. ಬೋರ್‌ವೆಲ್ ನೂರಾರು ಅಡಿ ಆಳ, ಸೋಪಿನ ಡಬ್ಬಿ ಒಂದು ಗೇಣು. ಆದರೆ ಎರಡರ ಉಪಾಯ ಒಂದೇ. ವ್ಯತ್ಯಾಸ ಏನೆಂದರೆ ಬೋರ್‌ವೆಲ್‌ನಲ್ಲಿ ನೀರು ಕೆಳಗಿದೆ, ಎತ್ತಬೇಕು. ನಮ್ಮ ಡಬ್ಬಿಯಲ್ಲಿ ಸೋಪು ಮೇಲಿದೆ, ಇಳಿಸಿದರೆ ಸಾಕು. ಹೊಲದಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪಿನಲ್ಲೂ ಇಂಥ ಕವಾಟಗಳೇ ಇವೆ.

೩. ಮುಚ್ಚಳದ ತೂತು ಯಾಕೆ?

ಸೋಪು ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ತೊಟ್ಟಿಯೊಳಗೆ ಒತ್ತಡ ಕಡಿಮೆಯಾಗಿ ಸೋಪು ಕೆಳಗಿಳಿಯುವುದೇ ಇಲ್ಲ.

ಮಾಡಿ ನೋಡಿ: ಒಂದು ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದ ಹತ್ತಿರ ಸೂಜಿಯಿಂದ ಒಂದು ತೂತು ಮಾಡಿ. ಬೆರಳು ಇಟ್ಟು ನೀರು ತುಂಬಿ ಮುಚ್ಚಳ ಬಿಗಿ ಮಾಡಿ. ಬೆರಳು ತೆಗೆಯಿರಿ. ಎರಡು ತೊಟ್ಟು ಬಿದ್ದು ನಿಂತುಬಿಡುತ್ತದೆ. ಈಗ ಮುಚ್ಚಳ ಸಡಿಲಿಸಿ. ಪಿಚಕಾರಿ ತರ ನೀರು ಬರುತ್ತದೆ. ಮತ್ತೆ ಬಿಗಿ ಮಾಡಿ, ನಿಲ್ಲುತ್ತದೆ. (ಬಾಟಲಿ ಹಿಸುಕಬಾರದು.) ಈ ಪ್ರಯೋಗ ಮಾಡಿದರೆ ತೂತಿನ ಬೆಲೆ ಗೊತ್ತಾಗುತ್ತದೆ.

ಕೆಲವು ಡಬ್ಬಿಗಳಲ್ಲಿ ಗಟ್ಟಿ ತೊಟ್ಟಿಯ ಬದಲು ಸೋಪಿನ ಚೀಲ ಇಡುತ್ತಾರೆ. ಹಾಲಿನ ಪ್ಯಾಕೆಟಿನ ಹಾಗೆ ಅದು ತಾನೇ ಮುದುರಿಕೊಳ್ಳುವುದರಿಂದ ಅದಕ್ಕೆ ತೂತು ಬೇಡ.

೪. ಇದರಲ್ಲಿ ಒಂದು ಸನ್ನೆಯೂ ಇದೆ

ಸರಳ ಯಂತ್ರಗಳಲ್ಲಿ ಸನ್ನೆ ಒಂದು. ಒತ್ತುವ ಹಲಗೆ ಎರಡನೇ ವರ್ಗದ ಸನ್ನೆ. ಮೇಲಿನ ಕೀಲು ಆನಿಕೆ, ನಡುವೆ ಆಡುಬೆಣೆ (ಭಾರ), ಕೆಳ ಅಂಚಿನಲ್ಲಿ ನಮ್ಮ ಬೆರಳು (ಬಲ). ಅಜ್ಜಿಯರ ಅಡಕತ್ತರಿಯೂ ಇದೇ ವರ್ಗ. ಕೀಲು ತುದಿಯಲ್ಲಿ, ಅಡಿಕೆ ನಡುವೆ, ಕೈ ಇನ್ನೊಂದು ತುದಿಯಲ್ಲಿ.

ನಾವು ಸ್ಕೇಲಿನಿಂದ ಅಳೆದೆವು. ಕೀಲಿನಿಂದ ಆಡುಬೆಣೆಗೆ ೪ ಸೆಂ.ಮೀ., ಕೀಲಿನಿಂದ ಕೆಳ ಅಂಚಿಗೆ ೮ ಸೆಂ.ಮೀ. ಹಾಗಾದರೆ ಅಂಚಿನಲ್ಲಿ ಒತ್ತಿದರೆ ಬೇಕಾಗುವ ಬಲ ಅರ್ಧ ಮಾತ್ರ. ಆದರೆ ಪುಕ್ಕಟೆ ಏನೂ ಸಿಗಲ್ಲ. ಆಡುಬೆಣೆ ೧.೩ ಸೆಂ.ಮೀ. ಹೋಗಬೇಕಾದರೆ ಬೆರಳು ೨.೬ ಸೆಂ.ಮೀ. ಹೋಗಬೇಕು. ಕೀಲಿನಿಂದ ೨ ಸೆಂ.ಮೀ. ದೂರದಲ್ಲಿ ಒತ್ತಿದರೆ ಎರಡು ಪಟ್ಟು ಬಲ ಬೇಕು. ಆದ್ದರಿಂದ ಯಾವಾಗಲೂ ಕೆಳ ಅಂಚಿನಲ್ಲೇ ಒತ್ತಿ. ಒಂದನೇ ತರಗತಿಯವರಿಗೂ ಸುಲಭ.

೫. ಒಂದು ಸಲಕ್ಕೆ ಎಷ್ಟು ಸೋಪು? (ಲೆಕ್ಕ)

ಆಡುಬೆಣೆಯ ವ್ಯಾಸ ೧ ಸೆಂ.ಮೀ., ತ್ರಿಜ್ಯ ೦.೫ ಸೆಂ.ಮೀ.
ವೃತ್ತದ ವಿಸ್ತೀರ್ಣ = ೨೨/೭ × ೦.೫ × ೦.೫ = ೦.೭೮೬ ಚದರ ಸೆಂ.ಮೀ. (ಸುಮಾರು)
ಆಡುಬೆಣೆ ಚಲಿಸುವ ದೂರ = ೧.೩ ಸೆಂ.ಮೀ.
ಘನಫಲ = ೦.೭೮೬ × ೧.೩ = ೧.೦೨ ಘನ ಸೆಂ.ಮೀ. (ಸುಮಾರು)

೧ ಘನ ಸೆಂಟಿಮೀಟರ್ ಅಂದರೆ ೧ ಮಿಲಿ ಲೀಟರ್. ಅಂದರೆ ಒಂದು ಸಲಕ್ಕೆ ೧ ಮಿ.ಲೀ. ಲೆಕ್ಕ ಸರಿಯಾ ಅಂತ ನೋಡಲು ಜ್ವರದ ಔಷಧಿಯ ಮುಚ್ಚಳ ತಂದೆವು. ಅದರಲ್ಲಿ ೫ ಮಿ.ಲೀ. ಗೆರೆ ಇದೆ. ಐದು ಸಲ ಒತ್ತಿದೆವು. ಸೋಪು ಸರಿಯಾಗಿ ಗೆರೆಗೆ ಬಂತು! ಪುಸ್ತಕದ ಲೆಕ್ಕ ಡಬ್ಬಿಯೊಳಗೂ ನಿಜವಾಗುತ್ತದೆ ಅಂತ ಆವತ್ತು ಬಹಳ ಖುಷಿ ಆಯಿತು.

ಈಗ ನಮ್ಮ ಶಾಲೆಯ ಲೆಕ್ಕ. ನಾವು ೮೬ ಮಕ್ಕಳು. ಬಿಸಿಯೂಟಕ್ಕೆ ಮುಂಚೆ ಒಬ್ಬರು ಒಂದು ಸಲ ಒತ್ತಿದರೆ ದಿನಕ್ಕೆ ೮೬ ಮಿ.ಲೀ. ತಿಂಗಳಿಗೆ ೨೪ ದಿನ ಶಾಲೆ ಅಂದರೆ ೮೬ × ೨೪ = ೨,೦೬೪ ಮಿ.ಲೀ. ಅಂದರೆ ಎರಡು ಲೀಟರ್ ಕ್ಯಾನು ತಿಂಗಳಿಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಆದರೆ ಎಲ್ಲರೂ ಎರಡೆರಡು ಸಲ ಒತ್ತಿದರೆ? ಹನ್ನೆರಡು ದಿನಕ್ಕೆ ಕ್ಯಾನು ಖಾಲಿ. ನಮ್ಮಲ್ಲಿ ಆಗಿದ್ದು ಇದೇ. ಸೋಪು ಹೆಚ್ಚು ಹಾಕಿದರೆ ಕೈ ಹೆಚ್ಚು ಶುದ್ಧ ಆಗುವುದಿಲ್ಲ. ಕನಿಷ್ಠ ೨೦ ಸೆಕೆಂಡು ಉಜ್ಜಬೇಕು, ಬೆರಳಿನ ಸಂದಿ, ಉಗುರು, ಕೈಯ ಹಿಂಬದಿ ಎಲ್ಲಾ. ಅದು ಮುಖ್ಯ.

೬. ಸ್ವಲ್ಪ ಇತಿಹಾಸ

ಕೈ ತೊಳೆಯುವುದರಿಂದ ಪ್ರಾಣ ಉಳಿಯುತ್ತದೆ ಎಂದು ೧೮೪೭ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯರು ತೋರಿಸಿಕೊಟ್ಟರು. ವೈದ್ಯರು ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈ ತೊಳೆದು ಹೆರಿಗೆ ಮಾಡಿಸಲು ಶುರು ಮಾಡಿದ ಮೇಲೆ ಬಾಣಂತಿಯರ ಸಾವು ಬಹಳ ಕಡಿಮೆ ಆಯಿತು.

ದ್ರವ ಸೋಪಿಗೆ ೧೮೬೫ರಲ್ಲಿ ನ್ಯೂಯಾರ್ಕಿನ ವಿಲಿಯಂ ಶೆಪರ್ಡ್ ಎಂಬುವರು ಪೇಟೆಂಟ್ ಪಡೆದರು. ನಮ್ಮ ನಾಡಿನಲ್ಲಿ ೧೯೧೦ರ ದಶಕದಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಸೋಪಿನ ಕಾರ್ಖಾನೆ ಆರಂಭವಾಯಿತು. ಅಲ್ಲಿ ಆಗುತ್ತಿದ್ದದ್ದು ಬಿಲ್ಲೆ ಸೋಪು, ಗಂಧದ ಸೋಪು. ಮನೆಗಳಲ್ಲಿ ಒತ್ತುವ ಸೋಪು ಜನಪ್ರಿಯ ಆಗಿದ್ದು ೧೯೮೦ರಲ್ಲಿ, ಅಮೆರಿಕದ ಮಿನೆಟೊಂಕಾ ಎಂಬ ಸಣ್ಣ ಕಂಪನಿ ಸಾಫ್ಟ್‌ಸೋಪ್ ಎಂಬುದನ್ನು ದೇಶದಲ್ಲೆಲ್ಲಾ ಮಾರಲು ತೊಡಗಿದಾಗ. ದೊಡ್ಡ ಕಂಪನಿಗಳು ತಕ್ಷಣ ನಕಲು ಮಾಡಬಾರದು ಎಂದು ಅವರು ಪಂಪು ತಯಾರಿಸುವವರಿಂದ ಕೋಟಿಗಟ್ಟಲೆ ಪಂಪುಗಳನ್ನು ಮುಂಚೆಯೇ ಕೊಂಡುಬಿಟ್ಟರಂತೆ. ಸೋಪು ಯಾರು ಬೇಕಾದರೂ ಮಾಡಬಹುದು, ಪಂಪು ಇಲ್ಲದೆ ಮಾರೋದು ಹೇಗೆ? ಈ ಪುಟ್ಟ ಯಂತ್ರದ ಬೆಲೆ ಇದರಿಂದ ತಿಳಿಯುತ್ತದೆ.

೨೦೦೮ರಿಂದ ಅಕ್ಟೋಬರ್ ೧೫ನ್ನು ವಿಶ್ವ ಕೈ ತೊಳೆಯುವ ದಿನ ಎಂದು ಆಚರಿಸುತ್ತಾರೆ. ೨೦೨೦ರಲ್ಲಿ ಕೊರೋನಾ ಬಂದಾಗ ಕಾಲಿನಿಂದ ತುಳಿಯುವ ಡಬ್ಬಿಗಳೂ ಎಲ್ಲಾ ಕಡೆ ಬಂದವು. ಅದರಲ್ಲೂ ಪಂಪು ಇದೇ, ಒತ್ತುವುದು ಮಾತ್ರ ಕಾಲು.

೭. ಕೆಟ್ಟರೆ ಪತ್ತೆ ಮಾಡುವುದು ಹೇಗೆ?

ಮೇಷ್ಟ್ರು ಹೇಳಿದ್ದು: "ಮೊದಲು ನೋಡಬೇಕು, ಆಮೇಲೆ ಬಿಚ್ಚಬೇಕು. ಯಂತ್ರ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ."

• ಹಲಗೆ ಒಳಗೆ ಹೋಗುವುದೇ ಇಲ್ಲ: ಕೆಳಗಿನ ಬಾಯಿ ಕಟ್ಟಿದೆ. ಒಣಗಿದ ಸೋಪು ಇರಬಹುದು.
• ಒಳಗೆ ಹೋಗಿ ವಾಪಸ್ಸು ಬರಲ್ಲ: ಸ್ಪ್ರಿಂಗಿನ ದೋಷ.
• ಹೋಗುತ್ತದೆ, ನಿಧಾನವಾಗಿ ಬರುತ್ತದೆ, ಮುಚ್ಚಳ ತೆಗೆದರೆ ಸರಿಯಾಗುತ್ತದೆ: ಮುಚ್ಚಳದ ತೂತು ಮುಚ್ಚಿದೆ.
• ಒತ್ತದಿದ್ದರೂ ತೊಟ್ಟಿಕ್ಕುತ್ತದೆ: ಕೊಕ್ಕಿನ ನಡುವೆ ಏನೋ ಸಿಕ್ಕಿದೆ, ಇಲ್ಲವೇ ಸೋಪಿಗೆ ನೀರು ಜಾಸ್ತಿ ಬೆರೆಸಿದ್ದಾರೆ.
• ಹಲಗೆ ಸಲೀಸಾಗಿ ಹೋಗಿ ಬರುತ್ತದೆ, ಸೋಪು ಮಾತ್ರ ಬರಲ್ಲ: ಮೇಲಿನ ಬಿಲ್ಲೆ ಸರಿಯಾಗಿ ಮುಚ್ಚುತ್ತಿಲ್ಲ. ಸೋಪು ಕೆಳಗೆ ಬರುವ ಬದಲು ತೊಟ್ಟಿಗೇ ವಾಪಸ್ಸು ಹೋಗುತ್ತಿದೆ.

೮. ನಮ್ಮ ಡಬ್ಬಿ ಯಾಕೆ ಕೆಟ್ಟಿತು?

ನಮ್ಮದು ಕೊನೆಯ ಕಾಯಿಲೆ. ಕಿಟಕಿಯಲ್ಲಿ ನೋಡಿದರೆ ಪ್ರತಿ ಸಲ ಒತ್ತಿದಾಗಲೂ ತೊಟ್ಟಿಯ ತಳದಿಂದ ಸೋಪು ಬುಗ್ಗೆ ಹಾಗೆ ಮೇಲಕ್ಕೆ ಏಳುತ್ತಿತ್ತು. ಜೊತೆಗೆ ಹಿಂಬದಿ ತಟ್ಟೆಯ ಒಂದು ಸ್ಕ್ರೂ ಕಿತ್ತು ಬಂದು ಡಬ್ಬಿ ಓರೆಯಾಗಿತ್ತು. ಅದನ್ನು ನೋಡಿಯೇ ಎಲ್ಲರೂ ಆ ಹುಡುಗನನ್ನು ಬೈದದ್ದು.

ಬಿಚ್ಚಿದಾಗ ಮೇಲಿನ ಬಿಲ್ಲೆಯ ಅಂಚಿನಲ್ಲಿ ಬಿಳಿ ಗಸಿ, ಬಟ್ಟೆ ಸೋಪಿನ ನೀಲಿ ಚೂರುಗಳು ಮೆತ್ತಿಕೊಂಡಿದ್ದವು. ಮೇಷ್ಟ್ರು "ಬಟ್ಟೆ ಸೋಪು ಯಾರು ಹಾಕಿದ್ದು?" ಅಂತ ಕೇಳಿದರು. ನನಗೆ ಎದೆ ಧಸಕ್ ಅಂತು. ಹಾಕಿದ್ದು ನಾನೇ.

ಕ್ಯಾನು ಹನ್ನೆರಡು ದಿನಕ್ಕೇ ಖಾಲಿ ಆದಾಗ, ಆರೋಗ್ಯ ಮಂತ್ರಿಯ ಕೆಲಸ ಸರಿಯಿಲ್ಲ ಅಂತಾರೆ ಅಂತ ಹೆದರಿ, ಮನೆಯಿಂದ ಬಟ್ಟೆ ಸೋಪು ತಂದು ಚಾಕುವಿನಿಂದ ಹೆರೆದು ಬೋರ್‌ವೆಲ್ ನೀರಿನಲ್ಲಿ ಕಲಸಿ ತುಂಬಿದ್ದೆ. ಯಾರಿಗೂ ಹೇಳಿರಲಿಲ್ಲ. ಒಳ್ಳೆ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಬೋರ್‌ವೆಲ್ ನೀರು ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಇರುತ್ತವೆ. ಸೋಪಿನ ಜೊತೆ ಸೇರಿದರೆ ಕರಗದ ಬಿಳಿ ಗಸಿ ಆಗುತ್ತದೆ. ನಮ್ಮ ಮನೆ ಬಚ್ಚಲಿನ ಬಕೆಟ್ಟಿಗೆ ಅಂಟುವುದೂ ಅದೇ. ಒಂದು ಕೂದಲೆಳೆಯಷ್ಟು ಸಿಕ್ಕಿಕೊಂಡರೂ ಬಿಲ್ಲೆ ಮುಚ್ಚುವುದಿಲ್ಲ. ಅಷ್ಟು ದಪ್ಪ ಚೂರುಗಳು ಸಿಕ್ಕಿಕೊಂಡ ಮೇಲೆ ಕೇಳಬೇಕೆ?

ಹಾಗಾದರೆ ಸ್ಕ್ರೂ? ಮಧ್ಯಾಹ್ನ ಆ ಹುಡುಗನನ್ನು ಕೇಳಿದೆ. "ಸೋಪು ಬರ್ಲಿಲ್ಲ ಅಕ್ಕ. ನಂಗೆ ಎಟುಕಲ್ಲ. ಅದಕ್ಕೆ ಎಗರಿ ಎರಡೂ ಕೈಲಿ ಹಿಡ್ಕೊಂಡೆ" ಅಂದ. ಡಬ್ಬಿ ನೆಲದಿಂದ ೧೨೫ ಸೆಂ.ಮೀ. ಎತ್ತರದಲ್ಲಿತ್ತು. ಅವನ ತಲೆಗಿಂತ ಮೇಲೆ. ಒತ್ತುವ ಬಲ ಗೋಡೆಯ ಕಡೆಗೆ ಇರುತ್ತದೆ, ಅದನ್ನು ಗೋಡೆ ತಡೆಯುತ್ತದೆ. ಜೋತುಬಿದ್ದರೆ ಬಲ ಕೆಳಕ್ಕೂ ಹೊರಕ್ಕೂ ಎಳೆಯುತ್ತದೆ, ಅದನ್ನು ಎರಡು ಸ್ಕ್ರೂ ಮಾತ್ರ ತಡೆಯಬೇಕು. ಗಾರೆ ಉದುರುವ ಗೋಡೆಯಲ್ಲಿ ಅದು ಆಗದು. ಅಂದರೆ ಡಬ್ಬಿ ಕೆಟ್ಟಿದ್ದು ಅವನು ಜೋತುಬಿದ್ದದ್ದರಿಂದ ಅಲ್ಲ. ಡಬ್ಬಿ ಕೆಟ್ಟಿದ್ದರಿಂದ ಅವನು ಜೋತುಬಿದ್ದ.

ಇನ್ನೊಂದು ವಿಷಯ ಬಿಸಿಯೂಟದ ಅಕ್ಕ ಹೇಳಿದರು. ಬೈಸಿಕೊಂಡ ದಿನದಿಂದ ಅವನು ಊಟಕ್ಕೆ ಮುಂಚೆ ನಲ್ಲಿ ಕಡೆಗೇ ಬರುತ್ತಿರಲಿಲ್ಲವಂತೆ. ಚಡ್ಡಿಗೆ ಕೈ ಒರೆಸಿಕೊಂಡು ಹಾಗೇ ಕೂರುತ್ತಿದ್ದನಂತೆ. ಆರೋಗ್ಯ ಮಂತ್ರಿ ಬರೆದ ಚೀಟಿಯಿಂದ ಒಬ್ಬ ಮಗು ಕೈ ತೊಳೆಯುವುದನ್ನೇ ಬಿಟ್ಟಿತು. ಇದನ್ನು ಕೇಳಿ ನನಗೆ ಅವತ್ತು ಅನ್ನ ಇಳಿಯಲಿಲ್ಲ. ಹೆಡ್ ಮೇಷ್ಟ್ರ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ಚೀಟಿ ಎಲ್ಲರೂ ನೋಡಿದ್ದಾರೆ. ಇದನ್ನೂ ಎಲ್ಲರೂ ನೋಡುವ ಹಾಗೆ ಬರಿ" ಅಂದರು. ಅದಕ್ಕೇ ಈ ಲೇಖನ ಬರೆದಿದ್ದೇನೆ. ಎರಡನೇ ತರಗತಿಗೆ ಹೋಗಿ ಅವನ ಕ್ಲಾಸಿನವರ ಮುಂದೆಯೇ ತಪ್ಪಾಯಿತು ಅಂತ ಹೇಳಿದ್ದೇನೆ.

೯. ಹೇಗೆ ಸರಿ ಮಾಡಿದೆವು?

ಎಲ್ಲಾ ಭಾಗಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದೆವು. ರಬ್ಬರಿಗೆ ಸೂಜಿ, ಬ್ಲೇಡು ತಾಗಿಸಲಿಲ್ಲ. ಗೋಡೆಯಲ್ಲಿ ಗಟ್ಟಿ ಜಾಗ ನೋಡಿ ತೂತು ಕೊರೆದು ಮರದ ಗೂಟ ಹೊಡೆದು ಸ್ಕ್ರೂ ಬಿಗಿದರು. ಒಂದನೇ ತರಗತಿಯ ಎಲ್ಲರಿಗಿಂತ ಕುಳ್ಳಗಿರುವ ಮಗುವನ್ನು ನಿಲ್ಲಿಸಿ ಭುಜದ ಎತ್ತರ ಅಳೆದೆವು, ೮೫ ಸೆಂ.ಮೀ. ಒತ್ತುವ ಹಲಗೆ ಈಗ ಅಷ್ಟು ಎತ್ತರದಲ್ಲಿದೆ. ದೊಡ್ಡವರು ಬಗ್ಗಬಹುದು, ಚಿಕ್ಕವರು ಬೆಳೆಯೋತನಕ ಕಾಯೋಕೆ ಆಗಲ್ಲ. ಆರನೇ ಸಲ ಒತ್ತಿದಾಗ ಸೋಪು ಬಂತು. ಮೊದಲು ಕೈ ಒಡ್ಡಿದ್ದು ಆ ಹುಡುಗನೇ.

೧೦. ನೆನಪಿಡಬೇಕಾದವು

• ಒಬ್ಬರು ಒಂದೇ ಸಲ, ಕೆಳ ಅಂಚಿನಲ್ಲಿ ಒತ್ತಿ.
• ಬಿಲ್ಲೆ ಸೋಪಿನ ಚೂರು, ಬಟ್ಟೆ ಸೋಪು, ಬೋರ್‌ವೆಲ್ ನೀರು ತೊಟ್ಟಿಗೆ ಹಾಕಬೇಡಿ.
• ಹಳೇ ಸೋಪಿನ ಮೇಲೇ ಹೊಸದು ಸುರಿಯಬೇಡಿ. ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಿ. ಇಲ್ಲದಿದ್ದರೆ ಸೋಪಿನಲ್ಲೇ ರೋಗಾಣುಗಳು ಬೆಳೆಯಬಹುದು.
• ಸೋಪು ಖಾಲಿಯಾದರೆ ಮುಚ್ಚಿಡದೆ ಗುರುಗಳಿಗೆ ಹೇಳಿ. ಡಬ್ಬಿ ಇಲ್ಲದಿದ್ದರೂ ಬಿಲ್ಲೆ ಸೋಪು ಇದ್ದೇ ಇದೆ.
• ಕೆಟ್ಟ ವಸ್ತು ಕಂಡರೆ ಯಾರು ಕೆಡಿಸಿದರು ಅಂತ ಕೇಳುವ ಮುಂಚೆ ಏನು ಕೆಟ್ಟಿದೆ ಅಂತ ನೋಡಿ.

ಪ್ರಶ್ನೆಗಳು (ಉತ್ತರ ಬರೆದು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ)

೧. ಕೆಳಗಿನ ಕವಾಟವನ್ನು ತಿರುಗುಮುರುಗಾಗಿ ಹಾಕಿದರೆ ಏನಾಗುತ್ತದೆ?
೨. ಆಡುಬೆಣೆಯ ವ್ಯಾಸ ೨ ಸೆಂ.ಮೀ. ಆದರೆ ಒಂದು ಸಲಕ್ಕೆ ಎಷ್ಟು ಸೋಪು ಬರುತ್ತದೆ? ಎರಡು ಪಟ್ಟು ಅಂತ ಬರೆಯಬೇಡಿ, ಲೆಕ್ಕ ಮಾಡಿ.
೩. ನಿಮ್ಮ ಮನೆಯಲ್ಲಿ ಒಮ್ಮುಖ ಕವಾಟ ಇರುವ ಇನ್ನೊಂದು ವಸ್ತು ಹುಡುಕಿ. (ಸುಳಿವು: ಸೈಕಲ್ಲು.)

ತಪ್ಪುಗಳಿದ್ದರೆ ತಿದ್ದಿ.

ಇಂತಿ,
ಆರೋಗ್ಯ ಮಂತ್ರಿ, ಶಾಲಾ ಸಂಸತ್ತು
೭ನೇ ತರಗತಿ